ಬೀಜಿಂಗಿನಲ್ಲಿ ಚೀಟಿ ಮಾಡಿಸುವುದು

1971ರ ಜುಲೈ ತಿಂಗಳು. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಅಂಕಣಕಾರ ಜೇಮ್ಸ್ ರೆಸ್ಟನ್ ಹೆಂಡತಿಯೊಡನೆ ಚೀನಾಕ್ಕೆ ಬಂದಿಳಿದು ಹೆಚ್ಚು ದಿನವಾಗಿರಲಿಲ್ಲ, ಹೊಟ್ಟೆನೋವು ಹಿಡಿದುಕೊಂಡಿತು. ಅಪೆಂಡಿಸೈಟಿಸ್. 17ನೇ ತಾರೀಕು ಬೀಜಿಂಗಿನ ದೊಡ್ಡಾಸ್ಪತ್ರೆಯಲ್ಲಿ ವೂ ವೇಯ್‌ರಾನ್ ಎಂಬ ಸರ್ಜನ್ ಆಪರೇಷನ್ ಮಾಡಿದರು. ಅದು ಸಲೀಸಾಗಿ ಮುಗಿಯಿತು. ಎರಡನೆಯ ರಾತ್ರಿ ಮಾತ್ರ ಹೊಟ್ಟೆ ಉಬ್ಬರಿಸಿಕೊಂಡು ರೆಸ್ಟನ್ ಒದ್ದಾಡತೊಡಗಿದರು. ಆಸ್ಪತ್ರೆಯ ಅಕ್ಯುಪಂಕ್ಚರ್ ವೈದ್ಯರು ಬಂದು, ಅವರ ಒಪ್ಪಿಗೆ ಕೇಳಿ, ಬಲ ಮೊಣಕೈಗೂ ಮೊಣಕಾಲುಗಳ ಕೆಳಗೂ ಮೂರು ಉದ್ದನೆಯ ತೆಳು ಸೂಜಿ ಇಳಿಸಿದರು. ಒಣಗಿದ ಸೊಪ್ಪಿನ ಎರಡು ತುಂಡು ಹೊತ್ತಿಸಿ ಹೊಟ್ಟೆಯ ಹತ್ತಿರ ಹಿಡಿದು, ನಡುನಡುವೆ ಸೂಜಿಗಳನ್ನು ತಿರುವಿದರು. ಇಪ್ಪತ್ತು ನಿಮಿಷದ ಕೆಲಸ. ಒಂದು ಗಂಟೆಯೊಳಗೆ ಉಬ್ಬರ ಇಳಿಯಿತು. ಆ ಸೊಪ್ಪಿಗೆ ಚೀನೀಯರು 'ಆಯ್' ಅನ್ನುತ್ತಾರೆ. ನಾವು ಚೌತಿಯ ದಿನ ಗಣೇಶನಿಗೆ ಏರಿಸುವ ಮಾಚಿಪತ್ರೆಯ ಬಳಗದ್ದೇ ಗಿಡ ಅದು.

ರೆಸ್ಟನ್ ಇದನ್ನೆಲ್ಲ ಬರೆದು ಪತ್ರಿಕೆಗೆ ಕಳಿಸಿದ ಮೇಲೆ, ಅರಿವಳಿಕೆಯಿಲ್ಲದೆ ಬರೀ ಸೂಜಿ ಚುಚ್ಚಿ ಆಪರೇಷನ್ ಮಾಡಿದರಂತೆ ಎಂಬ ಸುದ್ದಿ ಅಮೆರಿಕದ ತುಂಬ ಹಬ್ಬಿತು. ಅದು ನಿಜವಲ್ಲ. ಆಪರೇಷನ್‌ಗೆ ಮಾಮೂಲಿ ಇಂಜೆಕ್ಷನ್ನೇ ಕೊಟ್ಟಿದ್ದರು ಎಂದು ಅವರೇ ಬರೆದಿದ್ದಾರೆ. ಅವರಿಗಾಗಿ ನಗರದ ಹನ್ನೊಂದು ಮಂದಿ ತಜ್ಞರು ಸೇರಿದ್ದರು, ಹಾಗೆ ಸೇರಲು ಹೇಳಿದವರು ಪ್ರಧಾನಿ ಚೌ ಎನ್ಲಾಯ್. ಇಂದು ಚೀನಾದಲ್ಲಿ ಚಿಕಿತ್ಸೆಗೆ ನಿಲ್ಲುವ ಪರದೇಶದ ರೋಗಿಗೆ ಪ್ರಧಾನಿಯ ಫೋನು ಬರುವುದಿಲ್ಲ. ಎಲ್ಲರಂತೆ ಚೀಟಿ ಮಾಡಿಸುವುದರಿಂದಲೇ ಶುರುಮಾಡಬೇಕು. ಆದರೆ ಆಸ್ಪತ್ರೆ ಅದೇ ಇದೆ, ನೂರು ವರ್ಷ ದಾಟಿ ನಿಂತಿದೆ.

ಅದರ ಹೆಸರು ಶ್ಯೆಹ. ಕೂಡಿ ಬಾಳುವುದು, ಸಾಮರಸ್ಯ ಎಂದು ಅರ್ಥ. ಇಂಗ್ಲಿಷಿನಲ್ಲಿ ಪೀಕಿಂಗ್ ಯೂನಿಯನ್ ಮೆಡಿಕಲ್ ಕಾಲೇಜ್ ಆಸ್ಪತ್ರೆ. 1906ರಲ್ಲಿ ಕ್ರೈಸ್ತ ಮಿಷನರಿಗಳು ಕೂಡಿ ಕಟ್ಟಿದ್ದ ವೈದ್ಯ ಶಾಲೆಯನ್ನು 1915ರಲ್ಲಿ ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನ ಕೊಂಡುಕೊಂಡಿತು. ಪಕ್ಕದಲ್ಲಿದ್ದ ರಾಜಕುಮಾರನೊಬ್ಬನ ಅರಮನೆಯ ಜಾಗವನ್ನೂ ಸೇರಿಸಿಕೊಂಡು, 1921ರಲ್ಲಿ ಹೊಸ ಕಾಲೇಜು ಮತ್ತು ಆಸ್ಪತ್ರೆಯ ಬಾಗಿಲು ತೆರೆಯಿತು. ಒಳಗೆ ಆ ಕಾಲದ ಅತ್ಯುತ್ತಮ ಪಾಶ್ಚಾತ್ಯ ಆಸ್ಪತ್ರೆ, ಹೊರಗೆ ಹಸಿರು ಹೆಂಚಿನ, ಅಂಚು ಮೇಲೆದ್ದ ಚೀನೀ ಅರಮನೆಯ ಮಾಡು. ಪಾಠ ಇಂಗ್ಲಿಷಿನಲ್ಲಿ, ರೋಗಿಯ ಕೇಸ್ ಶೀಟೂ ಇಂಗ್ಲಿಷಿನಲ್ಲಿ.

ಭಾರತದವರಿಗೆ ಆ ಕಟ್ಟಡದ ಒಂದು ನೆನಪು ಗೊತ್ತಿರಲೇಬೇಕು. 1924ರ ಮೇ 8ರಂದು ರವೀಂದ್ರನಾಥ ಟಾಗೋರರ ಹುಟ್ಟುಹಬ್ಬವನ್ನು ಬೀಜಿಂಗಿನ ಗೆಳೆಯರು ಆಚರಿಸಿದ್ದು ಇದೇ ಕಾಲೇಜಿನ ಸಭಾಂಗಣದಲ್ಲಿ. ಅವರದೇ ನಾಟಕ 'ಚಿತ್ರಾ'ವನ್ನು ಅಲ್ಲಿ ಆಡಿದರು. ಮುಂದೆ ದೊಡ್ಡ ವಾಸ್ತುಶಿಲ್ಪಿಯೆನಿಸಿದ ಲಿನ್ ಹುಯಿಯಿನ್ ಚಿತ್ರಾಂಗದೆಯಾಗಿದ್ದಳು. ಟಾಗೋರರಿಗೆ ಚೀನೀ ಹೆಸರಿಟ್ಟು ಹರಸಿದ ಹಿರಿಯ ವಿದ್ವಾಂಸ ಲ್ಯಾಂಗ್ ಚೀಚಾವ್. ಎರಡು ವರ್ಷ ಕಳೆಯುವಷ್ಟರಲ್ಲಿ ಅದೇ ಲ್ಯಾಂಗ್ ಮೂತ್ರದಲ್ಲಿ ರಕ್ತ ಕಾಣಿಸಿಕೊಂಡು ಇದೇ ಆಸ್ಪತ್ರೆಗೆ ರೋಗಿಯಾಗಿ ಬಂದರು. 1926ರ ಮಾರ್ಚಿನಲ್ಲಿ ಅವರ ಬಲ ಮೂತ್ರಪಿಂಡ ತೆಗೆದರು. ರಕ್ತ ಹೋಗುವುದು ನಿಲ್ಲಲಿಲ್ಲ. ತಪ್ಪು ಆಪರೇಷನ್ ಮಾಡಿದರೆಂದು ಪತ್ರಿಕೆಗಳಲ್ಲಿ ದೊಡ್ಡ ಗದ್ದಲವಾಯಿತು. ಆಗ ಲ್ಯಾಂಗ್ ಸ್ವತಃ ಲೇಖನ ಬರೆದು ಆಸ್ಪತ್ರೆಯ ಪರ ನಿಂತರು: ನನ್ನೊಬ್ಬನ ಕಾಯಿಲೆಯ ನೆಪದಿಂದ ಹೊಸ ವೈದ್ಯವಿದ್ಯೆ ಈ ದೇಶದಲ್ಲಿ ಬೇರೂರುವುದು ನಿಲ್ಲಬಾರದು ಎಂಬುದು ಅವರ ಕಳಕಳಿ. 1929ರಲ್ಲಿ ಅವರು ತೀರಿಕೊಂಡದ್ದೂ ಅಲ್ಲೇ. ಅದಕ್ಕೂ ಮೊದಲು, 1925ರಲ್ಲಿ, ಚೀನೀ ಗಣರಾಜ್ಯದ ಸ್ಥಾಪಕ ಸನ್ ಯಾತ್‌ಸೆನ್ ಅವರ ಹೊಟ್ಟೆ ತೆರೆದು ಕ್ಯಾನ್ಸರ್ ಕೈಮೀರಿದೆಯೆಂದು ಕಂಡದ್ದೂ ಇದೇ ಶಸ್ತ್ರಚಿಕಿತ್ಸಾ ಕೊಠಡಿಗಳಲ್ಲಿ.

ಮುಂದಿನದು ಏಳುಬೀಳಿನ ಕಥೆ. ಪರ್ಲ್ ಹಾರ್ಬರ್ ದಾಳಿಯ ಬೆನ್ನಲ್ಲೇ ಜಪಾನಿ ಸೈನ್ಯ ಆಸ್ಪತ್ರೆಯನ್ನು ವಶಪಡಿಸಿಕೊಂಡು ಮುಚ್ಚಿಸಿತು. 1948ರಲ್ಲಿ ಮತ್ತೆ ತೆರೆಯಿತು. 1951ರಲ್ಲಿ ಹೊಸ ಸರ್ಕಾರದ ಪಾಲಾಯಿತು. ಸಾಂಸ್ಕೃತಿಕ ಕ್ರಾಂತಿಯಲ್ಲಿ ಅದರ ಹೆಸರು 'ಸಾಮ್ರಾಜ್ಯಶಾಹಿ ವಿರೋಧಿ ಆಸ್ಪತ್ರೆ'. ರೆಸ್ಟನ್ ಮಲಗಿದ್ದು ಆ ಹೆಸರಿನ ಫಲಕದಡಿಯಲ್ಲಿ.

ಈ ಏಳುಬೀಳುಗಳ ನಡುವೆ ದಶಕಗಳ ಕಾಲ ಅಲ್ಲಿ ದುಡಿದವರು ಹೆರಿಗೆ ಡಾಕ್ಟರ್ ಲಿನ್ ಚ್ಯಾವ್‌ಝಿ. 1901ರಲ್ಲಿ ಹುಟ್ಟಿ 1983ರಲ್ಲಿ ತೀರಿಕೊಂಡ ಆಕೆ ಮದುವೆಯಾಗಲಿಲ್ಲ. ಐವತ್ತು ಸಾವಿರಕ್ಕೂ ಮಿಕ್ಕಿ ಮಕ್ಕಳು ಅವರ ಕೈಯಲ್ಲಿ ಹುಟ್ಟಿದವು. ಹುಟ್ಟಿದ ಮಗುವಿನ ದಾಖಲೆಯಲ್ಲಿ 'ಲಿನ್ ಚ್ಯಾವ್‌ಝಿಯ ಮಗು' ಎಂದೇ ಇಂಗ್ಲಿಷಿನಲ್ಲಿ ಸಹಿ ಹಾಕುತ್ತಿದ್ದರು. ಲಿನ್ ಅವರನ್ನು ನೆನೆಯಲೆಂದು ಮಕ್ಕಳಿಗೆ 'ನ್ಯಾನ್‌ಲಿನ್' ಎಂದು ಹೆಸರಿಟ್ಟ ತಾಯ್ತಂದೆಯರಿದ್ದಾರೆ. ಸೂಲಗಿತ್ತಿ ನರಸಮ್ಮನವರನ್ನು ಕಂಡ ನಮಗೆ ಆ ಕೃತಜ್ಞತೆ ಹೊಸದೇನಲ್ಲ.

ಶ್ಯೆಹಕ್ಕೆ ಮೂರು ಸಂಪತ್ತು ಎಂದು ಬೀಜಿಂಗಿನವರು ಹೇಳುತ್ತಾರೆ: ಪ್ರಾಧ್ಯಾಪಕರು, ಗ್ರಂಥಾಲಯ, ರೋಗಿಗಳ ಕೇಸ್ ಶೀಟು. ಮೂರನೆಯದು ನನ್ನನ್ನು ಹಿಡಿದು ನಿಲ್ಲಿಸಿತು. ಮೊದಲ ದಿನಗಳಿಂದಲೂ ಪ್ರತಿಯೊಬ್ಬ ರೋಗಿ ಹೇಳಿಕೊಂಡದ್ದನ್ನು, ಡಾಕ್ಟರು ಕಂಡದ್ದನ್ನು, ಮಾಡಿದ್ದನ್ನು, ಆದದ್ದನ್ನು ಬರೆದು, ನಂಬರು ಕೊಟ್ಟು, ಎಸೆಯದೆ ಇಟ್ಟುಕೊಂಡಿದ್ದಾರೆ. ಸನ್ ಯಾತ್‌ಸೆನ್ ಅವರದೂ ಇದೆ, ಹೆಸರಿಲ್ಲದ ಹಳ್ಳಿಯವರದೂ ಇದೆ. ಎಲ್ಲೂ ಗೊತ್ತಾಗದ ಕಾಯಿಲೆ ಶ್ಯೆಹದಲ್ಲಿ ಗೊತ್ತಾಗುತ್ತದೆ ಎಂಬ ಹೆಸರು ಬಂದದ್ದು ಹೀಗೆ ಬರೆದಿಟ್ಟು ಓದುವ ಶ್ರದ್ಧೆಯಿಂದ. ದೇಶದ ಮೂಲೆಮೂಲೆಯಿಂದ, ಇತರ ಆಸ್ಪತ್ರೆಗಳು ಕೈಚೆಲ್ಲಿದವರೇ ಇಲ್ಲಿಗೆ ಬರುವುದು. ನಿಮ್ಹಾನ್ಸ್‌ನ ಗೇಟಿನಲ್ಲಿ ಬೆಳಗಿನ ಜಾವ ಫೈಲು ಅಪ್ಪಿಕೊಂಡು ಕುಳಿತವರನ್ನು ಕಂಡವರಿಗೆ ಆ ನೋಟ ಪರಿಚಿತ.

ಚೀನಾದಲ್ಲಿ ಆಸ್ಪತ್ರೆಗಳಿಗೆ ಮೂರು ದರ್ಜೆ. ಮೂರನೆಯ ದರ್ಜೆಯ ಮೊದಲ ಶ್ರೇಣಿ ಎಲ್ಲಕ್ಕಿಂತ ಮೇಲು, ಅದನ್ನು ಚಿಕ್ಕದಾಗಿ 'ಸಾನ್‌ಜ್ಯಾ' ಅನ್ನುತ್ತಾರೆ. ಜ್ವರ, ನೆಗಡಿಗೂ ಜನ ಸಾನ್‌ಜ್ಯಾಕ್ಕೇ ಬರುವುದರಿಂದ ಅಲ್ಲಿನ ನೂಕುನುಗ್ಗಲು ಹೇಳತೀರದು. ಒಳಗೆ ಕಾಲಿಟ್ಟವರ ಮೊದಲ ಕೆಲಸ 'ಗ್ವಾಹಾವ್'. ಅಕ್ಷರಶಃ, ನಂಬರು ತೂಗುಹಾಕುವುದು. ನಮ್ಮ ಸರ್ಕಾರಿ ಆಸ್ಪತ್ರೆಗಳ ಮಾತಿನಲ್ಲಿ ಚೀಟಿ ಮಾಡಿಸುವುದು. ಯಾವ ವಿಭಾಗ, ಎಂಥ ಡಾಕ್ಟರು ಎಂಬುದನ್ನು ರೋಗಿಯೇ ಮೊದಲು ಆರಿಸಬೇಕು. ಬೀಜಿಂಗಿನಲ್ಲಿ 2017ರ ಸುಧಾರಣೆಯಲ್ಲಿ ದೊಡ್ಡಾಸ್ಪತ್ರೆಗಳ ಸಾಮಾನ್ಯ ಡಾಕ್ಟರಿಗೆ 50 ಯುವಾನ್, ಹೆಸರಾಂತ ತಜ್ಞರಿಗೆ 100 ಯುವಾನ್ ಎಂದು ದರ ಗೊತ್ತುಮಾಡಿದರು. ಔಷಧಿಯ ಮೇಲೆ ಆಸ್ಪತ್ರೆಗಳು ಇಡುತ್ತಿದ್ದ ಶೇ. 15ರ ಲಾಭವನ್ನು ತೆಗೆದುಹಾಕಿದರು. ದರ ಕಡಿಮೆಯೇ, ಆದರೆ ಚೀಟಿ ಸಿಗಬೇಕಲ್ಲ. ಚೀಟಿಗಳನ್ನು ಮೊದಲೇ ಬಾಚಿಕೊಂಡು ಹತ್ತುಪಟ್ಟು ಬೆಲೆಗೆ ಮಾರುವ ದಲ್ಲಾಳಿಗಳಿಗೆ ಅಲ್ಲಿ 'ಹಳದಿ ಎತ್ತು' ಎಂದು ಹೆಸರು. 2016ರಲ್ಲಿ ಬೀಜಿಂಗಿನ ಆಸ್ಪತ್ರೆಯೊಂದರ ಹಜಾರದಲ್ಲಿ ಯುವತಿಯೊಬ್ಬಳು, 300 ಯುವಾನಿನ ಚೀಟಿಗೆ 4500 ಕೇಳುತ್ತಾರೆಂದು ಎದೆಯೊಡೆದು ಕೂಗಾಡಿದ ವಿಡಿಯೋ ದೇಶವನ್ನೇ ಕಲಕಿತು. ಈಗ ಗುರುತಿನ ಚೀಟಿಯಿಲ್ಲದೆ ನಂಬರಿಲ್ಲ. ಪರದೇಶದವರಿಗೆ ಪಾಸ್‌ಪೋರ್ಟೇ ಗುರುತು.

ಶ್ಯೆಹದಂಥ ದೊಡ್ಡಾಸ್ಪತ್ರೆಗಳಲ್ಲಿ, ಶಾಂಘೈನ ಹ್ವಾಶಾನ್, ರುಯ್‌ಜಿನ್‌ಗಳಲ್ಲಿ, ಪರದೇಶದವರಿಗೆಂದೇ ಅಂತಾರಾಷ್ಟ್ರೀಯ ವಿಭಾಗವಿದೆ. ಅಲ್ಲಿ ಸಾಲು ಚಿಕ್ಕದು, ಇಂಗ್ಲಿಷ್ ಬಲ್ಲ ನರ್ಸುಗಳಿರುತ್ತಾರೆ, ಡಾಕ್ಟರು ನಾಲ್ಕು ಮಾತು ಹೆಚ್ಚಿಗೆ ಆಡುತ್ತಾರೆ, ಬಿಲ್ಲು ಹಲವು ಪಟ್ಟು. ನೋಡುವ ತಜ್ಞರು ಮಾತ್ರ ಸಾಮಾನ್ಯ ವಿಭಾಗದವರೇ. ಪೂರ್ತಿ ಖಾಸಗಿಯಾದ ಯುನೈಟೆಡ್ ಫ್ಯಾಮಿಲಿಯಂಥ ಆಸ್ಪತ್ರೆಗಳು 1997ರಿಂದ ಇವೆ. ಸಣ್ಣಪುಟ್ಟದಕ್ಕೆ, ಹೆರಿಗೆಗೆ ಅವು ಚೆನ್ನ. ಗಂಭೀರ ಕಾಯಿಲೆಯಾದರೆ ನಾನು ಸಾನ್‌ಜ್ಯಾದ ಅಂತಾರಾಷ್ಟ್ರೀಯ ವಿಭಾಗವನ್ನೇ ಹೇಳುತ್ತೇನೆ.

ಎಲ್ಲಿ ಹೋದರೂ ದುಡ್ಡು ಮೊದಲು. ರಕ್ತ ಪರೀಕ್ಷೆಗೆ ಕಟ್ಟಿ ರಕ್ತ ಕೊಡಬೇಕು, ಸ್ಕ್ಯಾನ್‌ಗೆ ಕಟ್ಟಿ ಒಳಗೆ ಹೋಗಬೇಕು, ಅಡ್ಮಿಟ್ ಆಗುವ ಮೊದಲು ಠೇವಣಿ. ಊಟ, ಬೆಡ್‌ಪ್ಯಾನು, ಮಗ್ಗುಲು ತಿರುಗಿಸುವುದು ಮನೆಯವರ ಪಾಲು. ಮನೆಯವರಿಲ್ಲದಿದ್ದರೆ ದಿನಗೂಲಿಯ 'ಹೂಗೋಂಗ್' ಸಹಾಯಕರನ್ನು ಇಟ್ಟುಕೊಳ್ಳಬೇಕು. ಆಪರೇಷನ್‌ಗೆ ಮನೆಯವರ ಸಹಿ ಕೇಳುವ ರೂಢಿ ಗಟ್ಟಿಯಾಗಿದೆ. ಇದೆಲ್ಲ ನಮಗೆ ಹೊಸದಲ್ಲ. ಹಾಗಾಗಿ ಇಂಗ್ಲೆಂಡಿನಿಂದ ಬಂದವರಿಗಿಂತ ರಾಯಚೂರಿನಿಂದ ಬಂದವರು ಚೀನೀ ಆಸ್ಪತ್ರೆಗೆ ಬೇಗ ಹೊಂದಿಕೊಳ್ಳುತ್ತಾರೆ.

ಹೊಂದಿಕೆಯಾಗದೆ ಉಳಿಯುವುದು ಭಾಷೆ. ನನ್ನ ಭಾವ ಬಟ್ಟೆ ವ್ಯಾಪಾರದವರು. ಅವರೊಡನೆ ಝೆಜಿಯಾಂಗ್ ಪ್ರಾಂತ್ಯಕ್ಕೆ ಹೋಗಿದ್ದಾಗ ಒಂದು ರಾತ್ರಿ ಅವರಿಗೆ ಸೊಂಟದಿಂದ ತೊಡೆಸಂದಿಗೆ ಇಳಿಯುವ ನೋವು ಬಂತು. ಹೋಟೆಲಿನವರು 120ಕ್ಕೆ ಫೋನು ಮಾಡಿ ಆಂಬುಲೆನ್ಸ್ ಕರೆಸಿದರು. ತುರ್ತು ವಿಭಾಗದ ಡಾಕ್ಟರು ಚಿಕ್ಕ ವಯಸ್ಸಿನವರು, ತಾಳ್ಮೆಯವರು. ನಾನು ಮೊಬೈಲಿಗೆ ಇಂಗ್ಲಿಷಿನಲ್ಲಿ ನೋವು ಎಂದೆ, ಅದು ಚೀನೀಯಲ್ಲಿ 'ತೋಂಗ್' ಎಂದಿತು. ಅವರು ತಿರುಗಿ ಕೇಳಿದರು: ಸ್ವಾನ್? ಮಾ? ಝಾಂಗ್? ಮೊಬೈಲು 'ಹುಳಿಯೇ?' ಎಂಬ ಅರ್ಥ ಕೊಟ್ಟಿತು. ಭಾವ ಬೆವರುತ್ತ ಮುದುಡಿ ಮಲಗಿದ್ದರು.

ಅಲ್ಲಿಯೇ ಒಂದು ಊರಿನಲ್ಲಿ ಎಂಬಿಬಿಎಸ್ ಓದುತ್ತಿದ್ದ ದಾವಣಗೆರೆಯ ಹುಡುಗಿಯ ನಂಬರು ನಮ್ಮಲ್ಲಿತ್ತು. ನಡುರಾತ್ರಿಯಲ್ಲೂ ಫೋನು ಎತ್ತಿದಳು. ಡಾಕ್ಟರ ಮಾತು ಕೇಳಿಸಿಕೊಂಡು ಹೇಳಿದಳು: "ಅಂಕಲ್, ಸ್ವಾನ್ ಅಂದ್ರೆ ಇಲ್ಲಿ ಹುಳಿ ಅಲ್ಲ. ದೂರ ನಡೆದ ಮೇಲೆ ಕಾಲು ಸೇದುತ್ತಲ್ಲ, ಹಾಗೆ ಸೇದ್ತಾ ಇದೆಯಾ ಅಂತ. ಮಾ ಅಂದ್ರೆ ಜೋಮು. ಝಾಂಗ್ ಅಂದ್ರೆ ಉಬ್ಬರ."

"ಸೇದೋದಲ್ಲಮ್ಮಾ," ಎಂದರು ಭಾವ, "ಒದ್ದೆ ಬಟ್ಟೆ ಹಿಂಡಿದ ಹಾಗೆ ಹಿಂಡ್ತಾ ಇದೆ."

ಅವಳು ಅದನ್ನು ಹೇಳಿದ್ದೇ ತಡ, ಡಾಕ್ಟರು "ಜ್ಯಾವ್‌ತೋಂಗ್" ಎಂದು ತಲೆಯಾಡಿಸಿ ಬರೆದುಕೊಂಡರು. ಹಿಂಡುವ ನೋವು. ಮೂತ್ರಕೋಶದ ದಾರಿಯಲ್ಲಿ ಕಲ್ಲು ಸಿಕ್ಕಿಕೊಂಡಾಗ ಬರುವ ನೋವಿಗೆ ಅವರ ವೈದ್ಯಶಾಸ್ತ್ರದ ಹೆಸರೇ ಅದು. ನೋವಿಗೆ ನೂರು ಮಾತುಳ್ಳ ಎರಡು ಭಾಷೆಗಳು ಎದುರುಬದುರು ಕೂತಿದ್ದವು. ನಡುವೆ ಇಂಗ್ಲಿಷಿನ ಒಂದೇ ಪದ ಹಾಕಿ ನಾನೇ ಎರಡನ್ನೂ ಮೂಕವಾಗಿಸಿದ್ದೆ.

ಸೊಲ್ಲಾಪುರದಲ್ಲಿ ಹುಟ್ಟಿದ ಡಾಕ್ಟರ್ ದ್ವಾರಕಾನಾಥ ಕೊಟ್ನಿಸ್ ಇದನ್ನು ಎಂದೋ ಅರಿತಿದ್ದರು. 1938ರಲ್ಲಿ ಭಾರತದಿಂದ ಹೊರಟ ಐವರು ವೈದ್ಯರ ತಂಡದಲ್ಲಿ ಚೀನಾಕ್ಕೆ ಹೋದ ಅವರು ಅಲ್ಲಿನ ಭಾಷೆ ಕಲಿತು, ಗಾಯಾಳುಗಳೊಡನೆ ಅವರ ಮಾತಿನಲ್ಲೇ ಮಾತಾಡಿ, 1942ರಲ್ಲಿ ಮೂವತ್ತೆರಡರ ಹರೆಯದಲ್ಲಿ ಅಲ್ಲಿಯೇ ತೀರಿಕೊಂಡರು. ಶಿಜಿಯಾಝ್ವಾಂಗ್ ನಗರದಲ್ಲಿ ಅವರ ಪ್ರತಿಮೆಯಿದೆ.

ಇನ್ನು, ಚಿಕಿತ್ಸೆಗೆಂದೇ ಚೀನಾಕ್ಕೆ ಹೋಗುವವರ ವಿಷಯ. ಕ್ಯಾನ್ಸರಿನ ಕೆಲವು ಚಿಕಿತ್ಸೆಗಳಲ್ಲಿ ಆ ದೇಶ ನಿಜವಾಗಿ ಮುಂದಿದೆ. ರೋಗಿಯ ರಕ್ತಕಣಗಳನ್ನೇ ತೆಗೆದು ತಿದ್ದಿ ಮರಳಿ ಕೊಡುವ ಕಾರ್-ಟಿ ಚಿಕಿತ್ಸೆಯಲ್ಲಿ, ಮಲ್ಟಿಪಲ್ ಮೈಲೋಮಾಕ್ಕೆ ಈಗ ಅಮೆರಿಕದಲ್ಲೂ ಬಳಕೆಯಲ್ಲಿರುವ ಒಂದು ಔಷಧಿ ಹುಟ್ಟಿದ್ದು ನಾನ್‌ಜಿಂಗ್‌ನ ಕಂಪನಿಯೊಂದರಲ್ಲಿ. ಶಾಂಘೈನಲ್ಲಿ ಪ್ರೋಟಾನ್ ಮತ್ತು ಭಾರ ಅಯಾನುಗಳ ವಿಕಿರಣ ಚಿಕಿತ್ಸೆಯ ಆಸ್ಪತ್ರೆ 2015ರಿಂದ ನಡೆಯುತ್ತಿದೆ. ಹೈನಾನ್ ದ್ವೀಪದ ಬೋವಾವ್‌ನಲ್ಲಿ 2013ರಲ್ಲಿ ವೈದ್ಯಕೀಯ ಪ್ರವಾಸಕ್ಕೆಂದೇ ಒಂದು ವಲಯ ತೆರೆದಿದ್ದಾರೆ; ಚೀನಾದ ಉಳಿದೆಡೆ ಇನ್ನೂ ಒಪ್ಪಿಗೆ ಸಿಗದ ಹೊರದೇಶದ ಔಷಧಿಗಳನ್ನು ಅಲ್ಲಿ ಬಳಸಬಹುದು.

ಆದರೆ ದಿಕ್ಕುಗಾಣದ ಮನೆಯವರಿಗೆ ಮೊದಲು ಕಣ್ಣಿಗೆ ಬೀಳುವುದು ಇವಲ್ಲ, ಜಾಹೀರಾತು. 2016ರಲ್ಲಿ ಇಪ್ಪತ್ತೊಂದರ ವಿದ್ಯಾರ್ಥಿಯೊಬ್ಬ ಇಂಟರ್ನೆಟ್ ಹುಡುಕಾಟದಲ್ಲಿ ಮೊದಲಿಗೆ ಬಂದ, ದುಡ್ಡು ಕೊಟ್ಟು ಮೊದಲಿಗೆ ಬರಿಸಿದ ಹೆಸರನ್ನು ನಂಬಿ, ಸಾಬೀತಾಗದ ಕ್ಯಾನ್ಸರ್ ಚಿಕಿತ್ಸೆಗೆ ಮನೆಯವರ ಹಣವನ್ನೆಲ್ಲ ಸುರಿದು ತೀರಿಕೊಂಡ. ಕಾಂಡಕೋಶ ಚುಚ್ಚಿ ಬೆನ್ನುಹುರಿ ಸರಿಮಾಡುತ್ತೇವೆ, ಮಗುವನ್ನು ಆಟಿಸಂನಿಂದ ಬಿಡಿಸುತ್ತೇವೆ ಎನ್ನುವವರ ಬಾಗಿಲಿಗೆ ದಯವಿಟ್ಟು ಹೋಗಬೇಡಿ. ಅಂಗಾಂಗ ಕಸಿಯ ಮಾತು ಇನ್ನೂ ಕಠಿಣ. ಮರಣದಂಡನೆಯ ಕೈದಿಗಳ ಅಂಗಗಳನ್ನು ಬಳಸುತ್ತಿದ್ದುದನ್ನು ಅಲ್ಲಿನ ಅಧಿಕಾರಿಗಳೇ ಒಪ್ಪಿಕೊಂಡು, 2015ರಿಂದ ನಿಲ್ಲಿಸಿದ್ದೇವೆ ಎಂದರು. ಕಸಿಗಾಗಿ ಪ್ರವಾಸಿಗಳಾಗಿ ಬರುವುದನ್ನು 2007ರಲ್ಲೇ ನಿಷೇಧಿಸಿದ್ದಾರೆ. ಯಾರಾದರೂ ಮೂತ್ರಪಿಂಡ ಬೇಗ ಸಿಗುತ್ತದೆ ಎಂದರೆ, ಅದು ಯಾರದೆಂದು ಕೇಳಬೇಕು.

ಹೊರಡುವವರು ಕೆಲವನ್ನು ಮನೆಯಲ್ಲೇ ಮಾಡಿಕೊಳ್ಳಬೇಕು. ನಮ್ಮಲ್ಲಿ ಇನಿಷಿಯಲ್ಲಿನ ಹೆಸರು ಹೆಚ್ಚು. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೆಯೇ ಚೀಟಿ, ವರದಿ, ಬಿಲ್ಲುಗಳಲ್ಲಿ ಇರುವಂತೆ ನೋಡಿಕೊಳ್ಳಿ. ರಕ್ತದ ಗುಂಪು ನೆಗೆಟಿವ್ ಇದ್ದರೆ ಮೊದಲ ದಿನವೇ ಹೇಳಿ. ಹಾನ್ ಚೀನೀಯರಲ್ಲಿ ಅದು ನೂರಕ್ಕೆ ಒಬ್ಬರಲ್ಲೂ ಇಲ್ಲ. 'ಪಾಂಡಾ ರಕ್ತ' ಎಂದೇ ಕರೆಯುತ್ತಾರೆ. ಸ್ಕ್ಯಾನಿನ ವರದಿಯಷ್ಟೇ ಸಾಲದು, ಚಿತ್ರಗಳಿರುವ ಸೀಡಿ ಬೇಕು. ಬಯಾಪ್ಸಿಯಾಗಿದ್ದರೆ ಅದರ ಗಾಜಿನ ಸ್ಲೈಡುಗಳನ್ನು ಕೇಳಿ ಪಡೆಯಿರಿ. ಕಾಯಿಲೆ ಯಾವಾಗ, ಹೇಗೆ ಶುರುವಾಯಿತು, ಏನೇನು ತಿಂದಿರಿ, ಯಾವುದು ಒಗ್ಗಲಿಲ್ಲ ಎಂಬುದನ್ನು ಒಂದು ಹಾಳೆಯಲ್ಲಿ ಮೊದಲು ಕನ್ನಡದಲ್ಲೇ ಬರೆದು, ಆಮೇಲೆ ಚೀನೀಗೆ ಅನುವಾದ ಮಾಡಿಸಿ. ನೋವಿನ ಮಾತು ತಪ್ಪಿಹೋಗದಿರಲು ಅದೇ ದಾರಿ.

ಬಿಡುಗಡೆಯಾದ ದಿನ ಹಲವರು ಬಿಲ್ಲು ಮುಗಿಸಿ ವಿಮಾನದ ಅವಸರದಲ್ಲಿ ಹೊರಟುಬಿಡುತ್ತಾರೆ. ಕೇಸ್ ಶೀಟಿನ ನಕಲು ಕೊಡುವ ಕಿಟಕಿ ಬೇರೆಯೇ ಇರುತ್ತದೆ. 2002ರಿಂದ ಅದು ರೋಗಿಯ ಹಕ್ಕು. ಪಾಸ್‌ಪೋರ್ಟು ತೋರಿಸಿ, ನಕಲಿನ ದುಡ್ಡು ಕಟ್ಟಿ, ಆಸ್ಪತ್ರೆಯ ಕೆಂಪು ಮೊಹರು ಬಿದ್ದಿದೆಯೇ ನೋಡಿಕೊಂಡು ತನ್ನಿ. ಬೆಂಗಳೂರಿನ ಡಾಕ್ಟರಿಗೂ ವಿಮೆಯವರಿಗೂ ಆ ಮೊಹರಿನ ಹಾಳೆಗಳೇ ಬೇಕಾಗುತ್ತವೆ.