ಕೀಲಿ ತಿರುಗಿಸಿದರೂ ಕಾರು ಮೌನವೇ? ಬ್ಯಾಟರಿ ಬದಲಿಸುವ ಮುನ್ನ ಗೇರ್ ಸ್ವಿಚ್ ಪರೀಕ್ಷಿಸಿ

ಓಣಂ ಪರೀಕ್ಷೆಯ ದಿನ ಮುಂಜಾನೆ, ನೆರೆಮನೆಯ ಮಕ್ಕಳನ್ನೂ ಕೂರಿಸಿಕೊಂಡು ನಾವು ಕಾರಿನ ಕೀಲಿ ತಿರುಗಿಸಿದೆವು. ದೀಪಗಳು ಪ್ರಖರವಾಗಿ ಬೆಳಗಿದವು, ಹಾರ್ನ್ ಮೊಳಗಿತು. ಎಂಜಿನ್ ಮಾತ್ರ ಮಿಸುಕಲಿಲ್ಲ. ಮಕ್ಕಳನ್ನು ಆಟೋರಿಕ್ಷಾದಲ್ಲಿ ಕಳುಹಿಸಿದೆವು. ಹೊಸ ಬ್ಯಾಟರಿ ಹಾಕಿಸಿದ ಬಳಿಕವೂ ಅದೇ ತೊಂದರೆ ಮರುಕಳಿಸಿತು. ದೋಷವಿದ್ದದ್ದು ಗೇರಿನ ಸ್ಥಾನವನ್ನು ತಿಳಿಸುವ ಪುಟ್ಟ ಸ್ವಿಚ್ಚಿನಲ್ಲಿ.

ಆಟೋಮ್ಯಾಟಿಕ್ ಕಾರಿನಲ್ಲಿ ಗೇರ್ ಲಿವರ್ 'ಪಿ' (ಪಾರ್ಕ್) ಅಥವಾ 'ಎನ್' (ನ್ಯೂಟ್ರಲ್) ಸ್ಥಾನದಲ್ಲಿದ್ದರೆ ಮಾತ್ರ ಸ್ಟಾರ್ಟರ್ ಮೋಟಾರಿಗೆ ವಿದ್ಯುತ್ ಹರಿಯುತ್ತದೆ. ಗೇರಿನಲ್ಲಿರುವ ಕಾರು ಸ್ಟಾರ್ಟ್ ಆದೊಡನೆ ಮುನ್ನುಗ್ಗಬಾರದೆಂಬುದೇ ಇದರ ಉದ್ದೇಶ. ಈ ಕಾವಲುಗಾರನ ಹೆಸರು ನ್ಯೂಟ್ರಲ್ ಸೇಫ್ಟಿ ಸ್ವಿಚ್. ಅದರ ಸಂಪರ್ಕಬಿಂದುಗಳು ಸವೆದರೆ, ತೇವದಿಂದ ತುಕ್ಕು ಹಿಡಿದರೆ ಅಥವಾ ಲಿವರಿನ ಕೇಬಲ್ ಸಡಿಲವಾದರೆ, ಲಿವರ್ 'ಪಿ'ಯಲ್ಲಿದ್ದರೂ ಆ ಸಂಕೇತ ತಲುಪುವುದಿಲ್ಲ.

ಮೊದಲು ಲಕ್ಷಣವನ್ನು ಗುರುತಿಸಬೇಕು. ದೀಪ ಮಂಕಾಗಿ 'ಟಿಕ್ ಟಿಕ್' ಸದ್ದು ಬಂದರೆ ಬ್ಯಾಟರಿಯನ್ನು ಶಂಕಿಸಿ. ಮೋಟಾರು ತಿರುಗಿಯೂ ಎಂಜಿನ್ ಹೊತ್ತಿಕೊಳ್ಳದಿದ್ದರೆ ಇಂಧನ ಅಥವಾ ಕಿಡಿಯ ಸಮಸ್ಯೆ ಇರಬಹುದು. ದೀಪ ಪ್ರಖರವಾಗಿದ್ದು ಮೋಟಾರು ಪೂರ್ಣ ಮೌನವಾಗಿದ್ದರೆ ಈ ಸ್ವಿಚ್ಚನ್ನೂ ಪರಿಶೀಲಿಸಬೇಕು.

ಸಮತಟ್ಟಾದ ನೆಲದಲ್ಲಿ, ಕಾರಿನ ಹಿಂದೆ ಮುಂದೆ ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡು, ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕ್ ಪೆಡಲ್ ಬಲವಾಗಿ ಒತ್ತಿ 'ಎನ್'ನಲ್ಲಿ ಸ್ಟಾರ್ಟ್ ಮಾಡಿ ನೋಡಿ. 'ಪಿ'ಯಲ್ಲಿ ಆಗದ್ದು 'ಎನ್'ನಲ್ಲಿ ಆದರೆ ಸ್ವಿಚ್ ಅಥವಾ ಕೇಬಲ್ಲಿನ ಮೇಲೆ ಶಂಕೆ ಬಲವಾಗುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಗೇರಿನ ಅಕ್ಷರ ತಪ್ಪಾಗಿ ಕಾಣುವುದೂ ಇನ್ನೊಂದು ಸುಳಿವು.

ಬಟನ್ ಒತ್ತಿ ಸ್ಟಾರ್ಟ್ ಮಾಡುವ ಕಾರುಗಳಲ್ಲಿ ಬ್ರೇಕ್ ಸ್ವಿಚ್ಚಿನ ಸಂಕೇತವೂ ಅಗತ್ಯ. ಪೆಡಲ್ ಒತ್ತಿದಾಗ ಹಿಂಬದಿಯ ಕೆಂಪು ದೀಪಗಳು ಬೆಳಗುತ್ತಿವೆಯೇ ಎಂದು ಮಕ್ಕಳಿಂದಲ್ಲ, ಪಕ್ಕಕ್ಕೆ ಸರಿದು ನಿಂತ ಹಿರಿಯರೊಬ್ಬರಿಂದ ನೋಡಿಸಿ. ಬೆಳಗದಿದ್ದರೆ ಆ ಸ್ವಿಚ್ಚನ್ನೂ ಫ್ಯೂಸನ್ನೂ ಪರೀಕ್ಷಿಸಬೇಕು. ನಮ್ಮಲ್ಲಿ ಹೆಚ್ಚಾಗಿರುವ ಎಎಂಟಿ ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ 'ಪಿ' ಇರುವುದಿಲ್ಲ. ಬ್ರೇಕ್ ಒತ್ತಿ 'ಎನ್'ನಲ್ಲಿಯೇ ಸ್ಟಾರ್ಟ್ ಮಾಡಬೇಕು.

ಗ್ಯಾರೇಜಿನಲ್ಲಿ ಮಲಯಾಳದಲ್ಲಿ ವಿವರಿಸಲು ತಡವರಿಸುವವರು ಲಕ್ಷಣಗಳನ್ನು ಮುಂಚೆಯೇ ಬರೆದಿಟ್ಟುಕೊಳ್ಳುವುದು ಲೇಸು: ದೀಪ ಹೇಗಿತ್ತು, ಸದ್ದು ಬಂತೇ, ಯಾವ ಗೇರಿನಲ್ಲಿ ಸ್ಟಾರ್ಟ್ ಆಯಿತು. ಮೆಕ್ಯಾನಿಕ್ ಮಲ್ಟಿಮೀಟರಿನಿಂದ ಸ್ವಿಚ್ಚನ್ನು ಪರೀಕ್ಷಿಸಬಲ್ಲರು. ಕೆಲವೊಮ್ಮೆ ಕೇಬಲ್ ಸರಿಹೊಂದಿಸಿದರೇ ಸಾಕು, ಹೊಸ ಬಿಡಿಭಾಗ ಬೇಕಾಗದು.

ಒಂದನ್ನು ಮಾತ್ರ ಒಪ್ಪಬೇಡಿ: ತಂತಿಗಳನ್ನು ನೇರವಾಗಿ ಜೋಡಿಸಿ ಸ್ವಿಚ್ಚನ್ನೇ ತಪ್ಪಿಸುವ ಅಗ್ಗದ ಉಪಾಯ. ಹಾಗೆ ಮಾಡಿದ ಕಾರು 'ಡಿ' ಅಥವಾ 'ಆರ್'ನಲ್ಲಿಯೂ ಸ್ಟಾರ್ಟ್ ಆಗಿ ತಟ್ಟನೆ ಚಲಿಸಬಹುದು. ಮಕ್ಕಳು ಓಡಾಡುವ ಅಂಗಳದಲ್ಲಿ ಆ ಉಳಿತಾಯ ನಮಗೆ ಬೇಡ.