‘ಸುಮ್ನ’ ಎಂದರೆ ಏನು?



ನವಲಗುಂದ, ಕುಂದಗೋಳ, ಅಣ್ಣಿಗೇರಿ, ಕಲಘಟಗಿ ಕಡೆಯ ಯಾವ ಹಳ್ಳಿಗೆ ಹೋದರೂ ದಿನಕ್ಕೆ ಹತ್ತಾರು ಸಲ ಕಿವಿಗೆ ಬೀಳುವ ಮಾತು ‘ಸುಮ್ನ’. ಪಠ್ಯಪುಸ್ತಕದ ‘ಸುಮ್ಮನೆ’ಯ ರೂಪವೇ ಇದು. ವ್ಯಾಕರಣದಲ್ಲಿ ಇದೊಂದು ಅವ್ಯಯ. ಕ್ರಿಯೆ ನಡೆದ ರೀತಿಯನ್ನು ತಿಳಿಸುತ್ತದೆ. ಇದರ ಅರ್ಥ ಕೇಳಿದರೆ ಬಹುಮಂದಿ ‘ಮಾತಾಡದೆ’ ಎನ್ನುತ್ತಾರೆ. ಅಷ್ಟು ಸಾಕೇ? ನೋಡೋಣ.

‘ಸುಮ್ನ ಕುಂದ್ರು’ ಎಂದರೆ ಮಾತಾಡದೆ, ಅಲುಗಾಡದೆ ಕುಳಿತುಕೋ. ‘ಸುಮ್ನ ಬಂದೀನ್ರಿ ಕಾಕಾ’ ಎಂದರೆ ವಿಶೇಷ ಕೆಲಸವಿಲ್ಲದೆ ಬಂದಿದ್ದೇನೆ. ‘ಸುಮ್ನ ಅಂದ್ನಿ, ಸಿಟ್ಟಾಗಬ್ಯಾಡ’ ಎಂಬಲ್ಲಿ ಅದು ತಮಾಷೆ. ‘ರೊಕ್ಕಾ ಸುಮ್ನ ಬರ್ತಾವೇನು?’ ಎಂಬಲ್ಲಿ ದುಡಿಮೆಯಿಲ್ಲದೆ ಎಂದರ್ಥ. ಮಳೆ ಕೈಕೊಟ್ಟ ವರ್ಷ ರೈತ ‘ಸುಮ್ನ ಬಿತ್ತಿದ್ನಿ’ ಎಂದರೆ ಬಿತ್ತಿದ್ದು ವ್ಯರ್ಥವಾಯಿತು ಎಂದರ್ಥ.

ಇಷ್ಟು ಅರ್ಥಗಳಿಗೆ ಒಂದೇ ಬೇರು ಇದೆಯೇ? ಇದೆ. ಎಲ್ಲ ಕಡೆಯೂ, ಇರಬೇಕಾಗಿದ್ದ ಯಾವುದೋ ಒಂದು ಇಲ್ಲ. ಒಂದು ಕಡೆ ಮಾತಿಲ್ಲ, ಇನ್ನೊಂದು ಕಡೆ ಕಾರಣವಿಲ್ಲ, ಮತ್ತೊಂದು ಕಡೆ ದುಡಿಮೆಯಿಲ್ಲ ಅಥವಾ ಫಲವಿಲ್ಲ. ಇಲ್ಲದ್ದು ಯಾವುದೆಂಬುದನ್ನು ಪಕ್ಕದ ಕ್ರಿಯಾಪದವೂ ಸಂದರ್ಭವೂ ಸೂಚಿಸುತ್ತವೆ. ಸವಾಯಿ ಗಂಧರ್ವರ (1886–1952) ಊರಾದ ಕುಂದಗೋಳದಲ್ಲಿ ಕಚೇರಿಗೆ ಕುಳಿತ ಮಗುವಿಗೆ ತಾಯಿ ‘ಸುಮ್ನ ಕೇಳು’ ಎಂದರೆ ಗದ್ದಲ ಮಾಡದೆ ಆಲಿಸು ಎಂದರ್ಥ. ಅದೇ ಮಗು ಏನೋ ಪ್ರಶ್ನೆ ಹಾಕಿ ‘ಸುಮ್ನ ಕೇಳಿದ್ನಿ’ ಎಂದರೆ, ಪ್ರಶ್ನೆಗೆ ಉದ್ದೇಶವಿರಲಿಲ್ಲ ಎಂದರ್ಥ.

ನೀವೇ ಒಂದು ಸಣ್ಣ ಪ್ರಯೋಗ ಮಾಡಿ. ಈ ಪದವನ್ನು ದ್ವಿರುಕ್ತಿ ಮಾಡಿ. ‘ಸುಮ್‌ಸುಮ್ನ ಯಾಕ ಅಳ್ತಿ?’ ಎನ್ನಬಹುದು, ‘ಸುಮ್‌ಸುಮ್ನ ಕುಂದ್ರು’ ಎಂದು ಗದರಿಸಲಾಗದು. ಪದ ಎರಡಾದ ಕೂಡಲೇ ಮೌನದ ಅರ್ಥ ಉದುರಿಹೋಗುತ್ತದೆ. ಕಾರಣವಿಲ್ಲ ಎಂಬ ಅರ್ಥ ನಿಲ್ಲುತ್ತದೆ.

ಮೌನವನ್ನೂ ಕಾರಣವಿಲ್ಲದಿರುವುದನ್ನೂ ಒಂದೇ ಪದದಲ್ಲಿ ಕಟ್ಟುವುದು ನಮ್ಮ ಭಾಷೆ ಮಾತ್ರವಲ್ಲ. ತಮಿಳಿನ ‘ಸುಮ್ಮಾ’, ತೆಲುಗಿನ ‘ಊರಕೆ’ ಎರಡನ್ನೂ ಹೇಳುತ್ತವೆ. ಮರಾಠಿಯಲ್ಲಿ ‘ಉಗಿ’ ಎಂದರೆ ಮೌನ, ‘ಉಗೀಚ್’ ಎಂದರೆ ವಿನಾಕಾರಣ. ದೂರದ ಜಪಾನೀ ಭಾಷೆಯ ‘ತದ’ ಎಂಬ ಪದದಲ್ಲಿ ಮೌನವಿಲ್ಲ. ಆದರೆ ‘ಬರೀ, ಅಷ್ಟೇ’ ಎಂಬ ಅರ್ಥವೂ ‘ದುಡ್ಡಿಲ್ಲದೆ, ಬಿಟ್ಟಿ’ ಎಂಬ ಅರ್ಥವೂ ಇವೆ.

ಇನ್ನು ಒಂದು ಮುಖ್ಯ ಸಂಗತಿ. ನಾಲ್ಕು ದಿನ ಸಾಲಿಗೆ ಬಾರದ ಗೆಳತಿಯನ್ನು ‘ಯಾಕ ಬಂದಿಲ್ಲ?’ ಎಂದು ಕೇಳಿದಿರಿ ಎನ್ನಿ. ಆಕೆ ‘ಸುಮ್ನ’ ಎನ್ನುತ್ತಾಳೆ. ಕಾರಣವಿಲ್ಲ ಎಂಬುದು ಪದದ ಅರ್ಥ. ಆದರೆ ಹತ್ತಿ ಬಿಡಿಸಲು ಹೊಲಕ್ಕೆ ಹೋಗಿರಬಹುದು, ಮನೆಯಲ್ಲಿ ಯಾರಿಗೋ ಜಡ್ಡು ಇರಬಹುದು, ಶುಲ್ಕಕ್ಕೆ ರೊಕ್ಕವಿಲ್ಲದಿರಬಹುದು. ಕಾರಣವಿದ್ದೂ ಹೇಳಲಾಗದಾಗ ನಮ್ಮ ಜನ ಈ ಪದದ ಮರೆಗೆ ನಿಲ್ಲುತ್ತಾರೆ. ಅದನ್ನು ‘ವಿನಾಕಾರಣ ಗೈರುಹಾಜರು’ ಎಂದು ಶುದ್ಧ ಕನ್ನಡದಲ್ಲಿ ಬರೆದರೆ ವ್ಯಾಕರಣ ಸರಿಯಿದ್ದೀತು, ಸತ್ಯ ತಪ್ಪಿಹೋದೀತು.

ಆದ್ದರಿಂದ ಇಂಥ ಉತ್ತರ ಬಂದಾಗ ಸ್ವಲ್ಪ ಹೊತ್ತು ಜೊತೆಗೆ ಕುಳಿತು, ನಾಲ್ಕು ಮಂದಿ ಇಲ್ಲದ ಕಡೆ ಇನ್ನೊಮ್ಮೆ ಕೇಳಿ ನೋಡಿ.