ಪೇಟೆಯೂ ಮಿಶ್ರೋಪಯೋಗ ವಲಯವೂ

ನಗರದ ಭೂಮಿಯನ್ನು ವಾಸ, ವಾಣಿಜ್ಯ, ಕೈಗಾರಿಕೆ ಎಂದು ವಲಯಗಳಾಗಿ ವಿಂಗಡಿಸಿ, ಒಂದೊಂದರಲ್ಲಿಯೂ ನಡೆಯತಕ್ಕ ಕಾರ್ಯಗಳನ್ನು ಕಾಯಿದೆಯಿಂದ ಗೊತ್ತುಪಡಿಸುವುದು ಈಚಿನ ಪದ್ಧತಿ. ಇವುಗಳಲ್ಲಿ ಎರಡು ಮೂರು ಒಂದೇ ಬೀದಿಯಲ್ಲಿ, ಒಂದೇ ಕಟ್ಟಡದಲ್ಲಿ ಕೂಡಿ ನಡೆಯಬಹುದಾದ ಪ್ರದೇಶಕ್ಕೆ ಮಿಶ್ರೋಪಯೋಗ ವಲಯವೆಂದು ಹೆಸರು. ನಮ್ಮ ಹಳೆಯ ಪೇಟೆಗಳೇ ಇದಕ್ಕೆ ಮಾದರಿಯೆಂದು ಹೇಳುವುದುಂಟು. ಆ ಮಾತು ಎಷ್ಟರಮಟ್ಟಿಗೆ ನಿಲ್ಲುವುದೆಂಬುದನ್ನು ಬೆಂಗಳೂರಿನ ಪೇಟೆಗಳ ಹೆಸರುಗಳಿಂದಲೇ ವಿಚಾರಿಸಬಹುದು.

ಈ ಹೆಸರುಗಳು ಎರಡು ಬಗೆ. ಅಕ್ಕಿಪೇಟೆ, ಅರಳೆಪೇಟೆ, ಬಳೇಪೇಟೆ ಎಂಬಲ್ಲಿ ಸರಕಿನ ಹೆಸರಿದೆ. ಕುಂಬಾರಪೇಟೆ, ಗಾಣಿಗರಪೇಟೆ, ತಿಗಳರಪೇಟೆ ಎಂಬಲ್ಲಿ ಜನರ ಹೆಸರಿದೆ. ಜನರು ವಾಸಿಸುವ ಬೀದಿಗೆ ಕನ್ನಡದಲ್ಲಿ ‘ಕೇರಿ’ ಎಂಬ ಪ್ರಾಚೀನ ಶಬ್ದವಿದ್ದೂ ಇಲ್ಲಿ ಕುಂಬಾರಕೇರಿಯೆನ್ನದೆ ಕುಂಬಾರಪೇಟೆಯೆಂದಿರುವುದು ಗಮನಾರ್ಹ. ಮುಂದೆ ಅಂಗಡಿ, ಹಿಂದೆಯೋ ಮಹಡಿಯ ಮೇಲೆಯೋ ಸಂಸಾರ: ಇಂತಹ ಮನೆಗಳ ಸಾಲಿಗೆ ವಾಸಕ್ಕೊಂದು, ವ್ಯಾಪಾರಕ್ಕೊಂದು ಎಂದು ಎರಡು ಹೆಸರು ಬೇಕಾಗಲಿಲ್ಲವೆಂದು ತೋರುತ್ತದೆ. ಇಷ್ಟರಮಟ್ಟಿಗೆ ಮೇಲಿನ ಮಾತು ಸಾಧುವೇ ಸರಿ.

ಆದರೆ ಅವೇ ಹೆಸರುಗಳು ಇನ್ನೊಂದನ್ನೂ ಹೇಳುತ್ತವೆ. ಕೆಲಸವೂ ಮನೆಯೂ ಬೆರೆತಿದ್ದುವು, ಜನರು ಬೆರೆತಿರಲಿಲ್ಲ. ಈ ವಿಂಗಡಣೆ ಬಹು ಹಿಂದಿನದು. ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ದುರ್ಗನಿವೇಶವೆಂಬ ಪ್ರಕರಣವಿದೆ. ಅದರಂತೆ ಗಂಧ, ಮಾಲೆ, ಧಾನ್ಯಗಳ ವರ್ತಕರೂ ಕ್ಷತ್ರಿಯರೂ ಪೂರ್ವಕ್ಕೆ. ಉಣ್ಣೆ, ನೂಲು, ಬಿದಿರು, ಚರ್ಮಗಳ ಕೆಲಸದವರೂ ಶೂದ್ರರೂ ಪಶ್ಚಿಮಕ್ಕೆ. ಅಲ್ಲಿ ವೃತ್ತಿಯ ದಿಕ್ಕೂ ವರ್ಣದ ದಿಕ್ಕೂ ಒಂದೇ.

ಆಧುನಿಕ ವಲಯವಿಧಿ ಹುಟ್ಟಿದ ಬಗೆ ಬೇರೆ. ನ್ಯೂಯಾರ್ಕ್ ನಗರವು 1916ರಲ್ಲಿ ಇಡಿಯ ಊರಿಗೆ ಅನ್ವಯಿಸುವ ನಿಯಮವನ್ನು ಮಾಡಿತು. ಒಹಾಯೊ ಸಂಸ್ಥಾನದ ಯೂಕ್ಲಿಡ್ ಎಂಬ ಊರಿನ ಮೊಕದ್ದಮೆಯಲ್ಲಿ ಅಮೆರಿಕದ ಪರಮೋಚ್ಚ ನ್ಯಾಯಾಲಯವು 1926ರಲ್ಲಿ ಇಂತಹ ಅಧಿಕಾರವನ್ನು ಎತ್ತಿಹಿಡಿಯಿತು. ನಮ್ಮಲ್ಲಿ ನಗರ ಮತ್ತು ಗ್ರಾಮಾಂತರ ಯೋಜನೆಯ ಕಾಯಿದೆ ಆದದ್ದು 1961ರಲ್ಲಿ. ವಿಚಿತ್ರವೆಂದರೆ, ಬಳಕೆಗಳನ್ನು ಬೇರ್ಪಡಿಸಿದರೆ ಬೀದಿಯ ಜೀವವೇ ಹೋಗುವುದೆಂದು ವಾದಿಸಿದ ಜೇನ್ ಜೇಕಬ್ಸ್ ಅವರ ಗ್ರಂಥವೂ ಅದೇ ವರ್ಷ ಹೊರಬಂದಿತು. ಬೆಂಗಳೂರಿಗಾಗಿ 2007ರಲ್ಲಿ ಮಂಜೂರಾದ ಯೋಜನೆಯಲ್ಲಿ ವಾಸದ ವಲಯವನ್ನೇ ‘ಪ್ರಧಾನ’, ‘ಮಿಶ್ರ’ ಎಂದು ಇಬ್ಭಾಗ ಮಾಡಲಾಯಿತು. ಅಲ್ಲಿ ಅಂಗಡಿಗೆ ಅನುಮತಿಯನ್ನು ನಿರ್ಣಯಿಸುವುದರಲ್ಲಿ ರಸ್ತೆಯ ಅಗಲಕ್ಕೆ ಮುಖ್ಯಸ್ಥಾನ. ಅಂಗಡಿಯವನ ಕುಲವನ್ನು ಅದು ಕೇಳುವುದಿಲ್ಲ. ಹಳೆಯ ಪೇಟೆಯನ್ನು ಹೊಗಳುವ ಭರದಲ್ಲಿ ಈ ಭೇದವನ್ನು ಮರೆಯಬಾರದೆಂದು ನನ್ನ ಅಭಿಪ್ರಾಯ.

ಹಾಗೆಂದು ಪೇಟೆಯು ಕಲಿಸತಕ್ಕದ್ದೇನೂ ಇಲ್ಲವೆಂದಲ್ಲ. ಕಬ್ಬನ್‌ಪೇಟೆಯ ನೇಕಾರರ ಮನೆಯನ್ನು ನೋಡಿ: ಮಗ್ಗವಿರುವಲ್ಲಿಯೇ ಸಂಸಾರ. ಯೋಜನೆಯ ನಕ್ಷೆಯಲ್ಲಿ ವಾಸಕ್ಕೆ ಹಳದಿ, ವಾಣಿಜ್ಯಕ್ಕೆ ನೀಲಿ, ಕೈಗಾರಿಕೆಗೆ ನೇರಳೆ. ರೇಷ್ಮೆಯ ಸೀರೆ ಸಿದ್ಧವಾಗುವ ಆ ನಡುಮನೆಗೆ ಯಾವ ಬಣ್ಣವನ್ನು ಬಳಿಯತಕ್ಕದ್ದು? ಕೈಗಾರಿಕೆಯೆಂದರೆ ನೇಕಾರನು ಮನೆಯನ್ನು ಬಿಡಬೇಕು. ವಾಸವೆಂದರೆ ಮಗ್ಗವನ್ನು ಬಿಡಬೇಕು. ‘ಮಿಶ್ರ’ವೆಂಬ ಪದವು ಅಂಗಡಿ, ಕಚೇರಿಗಳಲ್ಲಿಯೇ ನಿಲ್ಲದೆ ಈ ಮಗ್ಗದವರೆಗೂ ವ್ಯಾಪಿಸುವಂತೆ ಅದರ ಅರ್ಥವನ್ನು ನಿಯಮದಲ್ಲಿಯೇ ಬಿಡಿಸಿ ಬರೆಯಬೇಕಾಗಿದೆ.